ಮನೆಯಲ್ಲಿ ಮೊದಲ ಡಿಗ್ರಿ

ಸಿದ್ದಾಪುರ ತಾಲ್ಲೂಕಿನ ಹೆಗ್ಗರಣೆಯ ಒಂದು ಮನೆ ಅಂದುಕೊಳ್ಳಿ. ಅಪ್ಪ ತೋಟಕ್ಕೆ ಸೊಪ್ಪು ಹೊರುತ್ತಾರೆ, ಆಯಿ ಅಡಿಕೆ ಸುಲಿಯುತ್ತಾರೆ. ಇಬ್ಬರೂ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಮಗಳು ಈಗ ಸಿಇಟಿಗೆ ಅರ್ಜಿ ತುಂಬುತ್ತಿದ್ದಾಳೆ.

ಅವಳನ್ನು ಮೊದಲು ತಡೆಯುವುದು ಪರೀಕ್ಷೆಯಲ್ಲ, ಅರ್ಜಿಯ ಕಾಲಂಗಳು.

1ರಿಂದ 10ನೇ ತರಗತಿವರೆಗೆ ಹಳ್ಳಿಯಲ್ಲಿ ಓದಿದವರಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5 ಮೀಸಲಾತಿ ಇದೆ. ಅದಕ್ಕೆ ಶಾಲೆಯ ವ್ಯಾಸಂಗ ಪ್ರಮಾಣಪತ್ರ ಬೇಕು, ಅದರ ಮೇಲೆ ಬಿಇಒ ರುಜು ಬೇಕು. ಓದಿದವರ ಮನೆಯಲ್ಲಿ ಇದನ್ನು ಅಕ್ಕನೋ ಚಿಕ್ಕಪ್ಪನೋ ಹೇಳಿಬಿಡುತ್ತಾರೆ. ಇವಳಿಗೆ ಹೇಳುವವರು ಯಾರು?

ಇನ್ನೊಂದು ಬಾಗಿಲಿದೆ, ನನಗೆ ತುಂಬಾ ಇಷ್ಟವಾದದ್ದು. ಕೃಷಿ ಕೋರ್ಸುಗಳಲ್ಲಿ ರೈತರ ಮಕ್ಕಳಿಗಿದ್ದ ಕೋಟಾವನ್ನು ಸರ್ಕಾರ 2021ರಲ್ಲಿ ಶೇ 40ರಿಂದ 50ಕ್ಕೆ ಏರಿಸಿತು. ಅದಕ್ಕೆ ಪ್ರತ್ಯೇಕ ಪ್ರಾಯೋಗಿಕ ಪರೀಕ್ಷೆಯುಂಟು. ಬೀಜ ಗುರುತಿಸಬೇಕು, ಸಲಕರಣೆ ಗುರುತಿಸಬೇಕು. ಅಲ್ಲಿ ಅವಳ ಗುರುಗಳು ಅಪ್ಪ, ಆಯಿಯೇ! ಅವರು ಕಲಿಸಿದ್ದಕ್ಕೂ ಅಂಕ ಸಿಗುತ್ತದೆ ಎಂದು ಅವರಿಗೇ ಗೊತ್ತಿರುವುದಿಲ್ಲ.

ಧಾರವಾಡ ಕೃಷಿ ವಿಶ್ವವಿದ್ಯಾಲಯದ ಅರಣ್ಯ ಕಾಲೇಜು ಇರುವುದು ಪಕ್ಕದ ಶಿರಸಿಯಲ್ಲೇ. ಸೊಪ್ಪಿನಬೆಟ್ಟದಲ್ಲಿ ಬೆಳೆದ ಹುಡುಗಿಗೆ ಅದು ದೂರದ ಲೋಕವಾಗಬಾರದು.

ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ ಪೋರ್ಟಲ್ ಇದೆ. ಆಧಾರ್‌ನಲ್ಲೂ ಮಾರ್ಕ್ಸ್‌ಕಾರ್ಡಿನಲ್ಲೂ ಹೆಸರು ಒಂದೇ ಇರಲಿ, ಈಗಲೇ ನೋಡಿಕೊಳ್ಳಿ.

ಕೇರಿಯಲ್ಲಿ ನೀವು ಡಿಗ್ರಿ ಮುಗಿಸಿದವರಾ? "ಎಂತ ಓದ್ತ್ಯೇ ಕೂಸೇ?" ಎಂದು ಕೇಳಿ ಸುಮ್ಮನಾಗಬೇಡಿ. ಅರ್ಜಿ ತುಂಬುವಾಗ ಪಕ್ಕದಲ್ಲಿ ಕೂತುಕೊಳ್ಳಿ. ಸಿದ್ದಾಪುರದ ಬಿಇಒ ಕಚೇರಿಗೆ ಒಂದು ದಿನ ಅವಳ ಜೊತೆ ಹೋಗಿಬನ್ನಿ.