ಊರಿನ ಬುತ್ತಿ, ಪಟ್ಟಣದ ಬಾಗಿಲು

ಬಡವನ ಮಗ ಬಡವನಾಗಿಯೇ ಉಳಿಯಬೇಕೆಂದು ಯಾವ ಶಾಸನವೂ ವಿಧಿಸಿಲ್ಲ. ಆದರೂ ಬಹುಪಾಲು ಜನರ ಬಾಳು ಹುಟ್ಟಿದ ನೆಲೆಯಲ್ಲಿಯೇ ನಿಂತುಬಿಡುತ್ತದೆ. ಕೂಲಿಯವನ ಮಗ ವೈದ್ಯನಾದರೆ, ಜೀತದಾಳಿನ ಮಗಳು ಅಧ್ಯಾಪಕಿಯಾದರೆ ಅದನ್ನು ನಾವು ಸುದ್ದಿಯೆಂದು ಓದುತ್ತೇವೆ; ಸುದ್ದಿಯಾಗುವುದೆಂದರೆ ಅದು ಅಪರೂಪವೆಂದೇ ಅರ್ಥ. ತಂದೆತಾಯಿಗಳ ನೆಲೆಯಿಂದ ಮಕ್ಕಳು ಮೇಲಕ್ಕೇರುವ ಈ ಕ್ರಿಯೆಯನ್ನು ಸಮಾಜಶಾಸ್ತ್ರಜ್ಞರು ಸಾಮಾಜಿಕ ಚಲನೆ ಎಂದು ಕರೆಯುತ್ತಾರೆ. ಈ ಚಲನೆ ಹೆಚ್ಚಾಗಿ ನಡೆಯುವುದು ನಗರಗಳಲ್ಲಿ ಮತ್ತು ನಗರಗಳ ಸುತ್ತಣ ಸೀಮೆಯಲ್ಲಿ. ಶಾಲೆ, ಕಾಲೇಜು, ಕಚೇರಿ, ಕಾರ್ಖಾನೆಗಳು ಅಲ್ಲಿರುವುದೇ ಇದಕ್ಕೆ ಕಾರಣ. ಆದರೆ ಕಾಲೇಜು ಇದ್ದ ಮಾತ್ರಕ್ಕೆ ಹಳ್ಳಿಯ ಹುಡುಗ ಅದರೊಳಗೆ ಕುಳಿತಂತಾಗಲಿಲ್ಲ. ಕಾಲೇಜಿನ ಬಾಗಿಲಿಗೂ ಅವನ ಮನೆಯ ಹೊಸ್ತಿಲಿಗೂ ನಡುವೆ ಇರುವ ಹಾದಿಯಲ್ಲಿ ಅನ್ನ ಬೇಕು, ಮಲಗಲು ಜಾಗ ಬೇಕು, ದಾರಿ ಹೇಳುವವರು ಬೇಕು. ಕನ್ನಡ ನಾಡಿನ ಪಟ್ಟಣಗಳು ಕಳೆದ ನೂರು ನೂರಿಪ್ಪತ್ತು ವರ್ಷಗಳಲ್ಲಿ ಈ ಹಾದಿಯನ್ನು ಹೇಗೆ ಕಟ್ಟಿದವು, ಎಲ್ಲಿ ಅರ್ಧಕ್ಕೆ ನಿಲ್ಲಿಸಿದವು ಎಂಬುದನ್ನು ಸ್ವಲ್ಪ ವಿಚಾರ ಮಾಡಬಹುದು.

ಮೊದಲ ಘಟ್ಟ ವಾರಾನ್ನದ್ದು. ಓದಲು ಬಂದ ಬಡ ಹುಡುಗ ಪಟ್ಟಣದಲ್ಲಿ ಏಳು ಮನೆಗಳನ್ನು ಗೊತ್ತುಮಾಡಿಕೊಳ್ಳುತ್ತಿದ್ದ. ಸೋಮವಾರ ಒಂದು ಮನೆಯಲ್ಲಿ ಊಟ, ಮಂಗಳವಾರ ಇನ್ನೊಂದು ಮನೆಯಲ್ಲಿ. ಐದೇ ಮನೆ ಸಿಕ್ಕಿದರೆ ಉಳಿದೆರಡು ದಿನ ಉಪವಾಸ. ಈ ಪದ್ಧತಿಯ ಲೆಕ್ಕಾಚಾರ ಸರಳವಾದರೂ ಅದರಲ್ಲಿ ಒಂದು ವಿವೇಕವಿತ್ತು. ಒಬ್ಬ ವಿದ್ಯಾರ್ಥಿಯ ಇಡೀ ಖರ್ಚನ್ನು ಹೊರುವ ಶಕ್ತಿ ಒಬ್ಬ ಗುಮಾಸ್ತೆಗಾಗಲಿ ಉಪಾಧ್ಯಾಯನಿಗಾಗಲಿ ಇರಲಿಲ್ಲ; ವಾರಕ್ಕೊಮ್ಮೆ ಒಂದು ಎಲೆ ಹೆಚ್ಚಾಗಿ ಹಾಕುವುದು ಸಾಧಾರಣ ಗೃಹಸ್ಥನಿಗೂ ಭಾರವಲ್ಲ. ಭಾರವನ್ನು ಏಳು ಪಾಲು ಮಾಡಿದ್ದರಿಂದ ಅದು ಹೊರುವಂಥದಾಯಿತು. ಸ್ಥಳೀಯ ಸಹಕಾರ ಎಂಬ ದೊಡ್ಡ ಮಾತಿನ ಮೂಲಸೂತ್ರ ಇಷ್ಟೇ.

ಆದರೆ ಇದರ ಮಿತಿಯನ್ನು ಮರೆಮಾಚಬಾರದು. ಅನ್ನ ಹಾಕುವ ಮನೆ ಬಹುಮಟ್ಟಿಗೆ ತನ್ನ ಜಾತಿಯ ಹುಡುಗನಿಗೇ ಹಾಕುತ್ತಿತ್ತು. ಪಟ್ಟಣದಲ್ಲಿ ಯಾರ ಜಾತಿಯವರು ವಕೀಲರೂ ಅಮಲ್ದಾರರೂ ಆಗಿದ್ದರೋ ಅವರ ಮಕ್ಕಳಿಗೆ ವಾರಾನ್ನ ದೊರೆಯುತ್ತಿತ್ತು. ಒಕ್ಕಲುಮಕ್ಕಳಿಗೆ, ಕುರುಬರಿಗೆ, ನೇಕಾರರಿಗೆ ಪಟ್ಟಣದಲ್ಲಿ ಅಂಥ ಏಳು ಮನೆಗಳು ಸಿಗುವುದು ಕಷ್ಟವಾಗಿತ್ತು. ಅಸ್ಪೃಶ್ಯರೆಂದು ದೂರ ಇಡಲ್ಪಟ್ಟವರಿಗೆ ಒಂದು ಮನೆಯೂ ಇರಲಿಲ್ಲ. ಮೈಸೂರು ಸಂಸ್ಥಾನದಲ್ಲಿ ಸರ್ಕಾರಿ ಹುದ್ದೆಗಳು ಕೆಲವೇ ಜನರ ಕೈಯಲ್ಲಿವೆಯೆಂಬ ಅಸಮಾಧಾನ ಬೆಳೆದು, 1918ರಲ್ಲಿ ಸರ್ ಲೆಸ್ಲಿ ಮಿಲ್ಲರ್ ಅವರ ಸಮಿತಿ ನೇಮಕವಾಯಿತಷ್ಟೆ. ಮೀಸಲಾತಿಯ ಚರಿತ್ರೆ ಬರೆಯುವವರು ಅಲ್ಲಿಂದ ಆರಂಭಿಸುತ್ತಾರೆ. ಆದರೆ ಹುದ್ದೆ ಮೀಸಲಾಗಬೇಕಾದರೆ ಆ ಹುದ್ದೆಗೆ ತಕ್ಕ ವಿದ್ಯೆ ಪಡೆದವನಿರಬೇಕು. ವಿದ್ಯೆ ಪಡೆಯಬೇಕಾದರೆ ನಾಲ್ಕಾರು ವರ್ಷ ಪಟ್ಟಣದಲ್ಲಿ ಬದುಕಿ ಉಳಿಯಬೇಕು.

ಈ ಕೊರತೆಯನ್ನು ಕಂಡು ಎದ್ದುದೇ ಉಚಿತ ವಿದ್ಯಾರ್ಥಿನಿಲಯಗಳ ಚಳವಳಿ. ಇದನ್ನು ಚಳವಳಿಯೆಂದು ಕರೆದವರು ಕಡಮೆ; ಇದಕ್ಕೆ ಧ್ವಜವಿರಲಿಲ್ಲ, ಘೋಷಣೆಯಿರಲಿಲ್ಲ. ಶಿರಸಂಗಿಯ ಲಿಂಗರಾಜ ದೇಸಾಯಿಯವರು ತಮ್ಮ ಸಂಸ್ಥಾನದ ಆಸ್ತಿಯನ್ನು ವಿದ್ಯಾರ್ಥಿಗಳ ಓದಿಗೆಂದು ಬರೆದಿಟ್ಟು 1906ರಲ್ಲಿ ತೀರಿಕೊಂಡರು. ಬೆಳಗಾವಿಯಲ್ಲಿ 1916ರಲ್ಲಿ ಏಳು ಮಂದಿ ತರುಣ ಶಿಕ್ಷಕರು ಸೇರಿ ಒಂದು ಶಾಲೆಯನ್ನು ತೆರೆದರು. ಅದೇ ಮುಂದೆ ಕೆ.ಎಲ್.ಇ. ಸಂಸ್ಥೆಯಾಗಿ ಬೆಳೆಯಿತು. ಆ ಏಳು ಮಂದಿಯನ್ನು ಜನ ಇಂದಿಗೂ ಸಪ್ತರ್ಷಿಗಳೆಂದು ಕರೆಯುತ್ತಾರೆ. ಬೆಂಗಳೂರಿನಲ್ಲಿ, ಮೈಸೂರಿನಲ್ಲಿ, ಧಾರವಾಡದಲ್ಲಿ ಸಮುದಾಯದ ಸಂಘಗಳೂ ಮಠಗಳೂ ಪ್ರಸಾದನಿಲಯಗಳನ್ನು ಕಟ್ಟಿದವು.

ಇವು ನಡೆದ ಬಗೆಯನ್ನು ಗಮನಿಸಬೇಕು. ತುಮಕೂರಿನ ಬಳಿಯ ಸಿದ್ಧಗಂಗೆಯಲ್ಲಿ ಎಂಟು ಹತ್ತು ಸಾವಿರ ಮಕ್ಕಳು ಊಟ ವಸತಿಗಳೊಡನೆ ಓದುವಂತಾದುದನ್ನು ಎಲ್ಲರೂ ಬಲ್ಲರು. ಅದನ್ನು 2019ರಲ್ಲಿ ಶಿವೈಕ್ಯರಾದ ಶಿವಕುಮಾರ ಸ್ವಾಮಿಗಳ ತಪಸ್ಸಿನ ಫಲವೆಂದು ಹೇಳುವುದು ನಿಜವೇ ಹೌದು. ಆದರೆ ಆ ತಪಸ್ಸಿನ ಹಿಂದೆ ಒಂದು ವ್ಯವಸ್ಥೆಯಿತ್ತು. ಸುತ್ತಣ ಹಳ್ಳಿಗಳ ರೈತರು ಸುಗ್ಗಿಯಲ್ಲಿ ರಾಗಿ, ಭತ್ತ, ಕಾಳುಗಳನ್ನು ಮಠಕ್ಕೆ ಮುಟ್ಟಿಸುತ್ತಿದ್ದರು. ಸ್ವಾಮಿಗಳೇ ಊರೂರು ತಿರುಗಿ ಭಿಕ್ಷೆ ತರುತ್ತಿದ್ದರು. ಪಟ್ಟಣದ ವರ್ತಕರು ಹಣ ಕೊಟ್ಟರು. ಸರ್ಕಾರ ಅನುದಾನ ನೀಡಿತು. ಮಕ್ಕಳು ತಾವೇ ಮಠದ ಕೆಲಸಗಳಲ್ಲಿ ಕೈಗೂಡಿಸಿದರು. ಒಂದು ಸೇರು ರಾಗಿ ಕೊಟ್ಟ ರೈತನೂ ಆ ನಿಲಯ ತನ್ನದೆಂದು ಭಾವಿಸಿದ. ತನ್ನ ಮಗನನ್ನಲ್ಲದೆ ನೆರೆಮನೆಯ ಮಗನನ್ನೂ ಅಲ್ಲಿಗೆ ಸೇರಿಸುವ ಧೈರ್ಯ ಮಾಡಿದ. ಸರ್ಕಾರದ ಹಣವೊಂದರಿಂದಲೇ ನಡೆಯುವ ನಿಲಯಕ್ಕೆ ಈ ಬಗೆಯ ಬಂಧುಬಳಗ ಹುಟ್ಟುವುದು ಕಷ್ಟ.

ಸ್ವಂತ ಸಮುದಾಯದಲ್ಲಿ ಧನಿಕರೇ ಇಲ್ಲದವರ ಗತಿಯೇನು? ಇಲ್ಲಿ ಮಂಗಳೂರಿನ ಕುದ್ಮಲ್ ರಂಗರಾಯರನ್ನು ನೆನೆಯಬೇಕು. ವಕೀಲಿ ವೃತ್ತಿಯ ಅವರು 1892ರಲ್ಲಿ ದಲಿತ ಮಕ್ಕಳಿಗೆಂದು ಶಾಲೆ ತೆರೆದರು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆ ಕಟ್ಟಿದರು. ಸ್ವಜಾತಿಯವರು ಅವರಿಗೆ ಬಹಿಷ್ಕಾರ ಹಾಕಿದರು. ರಾಯರು ಹಿಡಿದ ದಾರಿಯಲ್ಲಿ ಇಂದಿಗೂ ಕಲಿಯತಕ್ಕ ಪಾಠವಿದೆ. ಅಕ್ಷರದೊಡನೆ ನೇಯ್ಗೆ ಮುಂತಾದ ಕಸುಬುಗಳನ್ನು ಕಲಿಸಿದರು. ನೆಲೆಯಿಲ್ಲದ ಕುಟುಂಬಗಳಿಗೆ ಜಮೀನು, ಮನೆ ದೊರಕಿಸಲು ಸರ್ಕಾರದ ಬೆನ್ನು ಹತ್ತಿದರು. ಮನೆಯಲ್ಲಿ ಒಲೆ ಉರಿಯದಿದ್ದರೆ ಮಗು ಶಾಲೆಯಲ್ಲಿ ನಿಲ್ಲುವುದಿಲ್ಲವೆಂಬುದನ್ನು ಅವರು ಚೆನ್ನಾಗಿ ಅರಿತಿದ್ದರು. ಹೆಣ್ಣುಮಕ್ಕಳ ವಿಷಯದಲ್ಲಿ ಹುಬ್ಬಳ್ಳಿಯ ಸರದಾರ ವೀರನಗೌಡ ಪಾಟೀಲ ಮತ್ತು ನಾಗಮ್ಮತಾಯಿ ದಂಪತಿಗಳು ಮಹಿಳಾ ವಿದ್ಯಾಪೀಠದ ಮೂಲಕ ಇಂಥದೇ ಕೆಲಸ ಮಾಡಿದರು.

ಮೂರನೆಯ ಘಟ್ಟದಲ್ಲಿ ಸರ್ಕಾರ ಮುಂದೆ ಬಂದಿತು. ದೇವರಾಜ ಅರಸರ ಕಾಲದಲ್ಲಿ, 1972ರಲ್ಲಿ ನೇಮಕವಾದ ಹಾವನೂರ ಆಯೋಗ 1975ರಲ್ಲಿ ವರದಿ ಕೊಟ್ಟಿತು. 1977ರಲ್ಲಿ ಹಿಂದುಳಿದ ವರ್ಗಗಳಿಗೆ ಪ್ರತ್ಯೇಕ ಇಲಾಖೆಯಾಯಿತು. ತಾಲ್ಲೂಕು ಕೇಂದ್ರಗಳವರೆಗೆ ಸರ್ಕಾರಿ ಹಾಸ್ಟೆಲುಗಳು ಹರಡಿದವು. ಮಠ, ಸಂಘಗಳ ಆಸರೆಯಿಲ್ಲದ ಸಣ್ಣ ಸಮುದಾಯಗಳ ಮಕ್ಕಳಿಗೆ ಇದೊಂದು ಹೊಸ ಬಾಗಿಲು. ಕನ್ನಡ ಸಾಹಿತ್ಯ ಇದಕ್ಕೆ ಋಣಿಯಾಗಿದೆ. ಎಪ್ಪತ್ತರ ದಶಕದಿಂದೀಚೆಗೆ ಬರೆದ ಎಷ್ಟೋ ದಲಿತ ಹಾಗೂ ಹಿಂದುಳಿದ ವರ್ಗಗಳ ಲೇಖಕರು ಹಾಸ್ಟೆಲಿನ ಅನ್ನ ಉಂಡು ಓದಿದವರು. ಸಿದ್ಧಲಿಂಗಯ್ಯನವರ ಆತ್ಮಕಥನ ‘ಊರುಕೇರಿ’ಯನ್ನು ಓದಿದವರಿಗೆ ಹಾಸ್ಟೆಲು ಎಂಬುದು ಊಟದ ಮನೆಯಷ್ಟೇ ಅಲ್ಲ, ಮಾತು ಕಲಿಯುವ, ಪ್ರಶ್ನೆ ಕೇಳುವ ಸ್ಥಳವೂ ಆಗಿತ್ತೆಂಬುದು ತಿಳಿದಿದೆ.

ಈ ಮಾತು ನಮ್ಮನ್ನು ಇನ್ನೊಂದು ತತ್ತ್ವಕ್ಕೆ ಕರೆದೊಯ್ಯುತ್ತದೆ. ಅನ್ನ ಮತ್ತು ಪುಸ್ತಕಗಳಷ್ಟೇ ಮುಖ್ಯವಾದದ್ದು ಸಹವಾಸ. ಹಾರ್ವರ್ಡ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತು ಅವರ ಸಂಗಡಿಗರು 2022ರಲ್ಲಿ ಅಮೆರಿಕದ ಸುಮಾರು 7.2 ಕೋಟಿ ಫೇಸ್‌ಬುಕ್ ಬಳಕೆದಾರರ ಸ್ನೇಹಸಂಬಂಧಗಳನ್ನು ಪರಿಶೀಲಿಸಿ ಒಂದು ಅಧ್ಯಯನ ಪ್ರಕಟಿಸಿದರು. ಬಡವರಿಗೂ ಅನುಕೂಲಸ್ಥರಿಗೂ ನಡುವೆ ಸ್ನೇಹ ಹೆಚ್ಚಾಗಿರುವ ಊರುಗಳಲ್ಲಿ ಬೆಳೆದ ಬಡ ಮಕ್ಕಳು ಮುಂದೆ ಹೆಚ್ಚು ಸಂಪಾದಿಸುತ್ತಾರೆಂಬುದು ಅವರು ಕಂಡ ಮುಖ್ಯ ವಿಷಯ. ಅನುಕೂಲಸ್ಥರ ಮಕ್ಕಳಿಗೆ ದೊರೆಯುವಂಥ ಸ್ನೇಹವಲಯ ಬಡ ಮಕ್ಕಳಿಗೂ ದೊರೆತರೆ ಅವರ ವರಮಾನ ಸರಾಸರಿ 20 ಪ್ರತಿಶತದಷ್ಟು ಏರಬಹುದೆಂದು ಅವರ ಅಂದಾಜು. ಇದರ ಕಾರಣವನ್ನು ಊಹಿಸುವುದು ಕಷ್ಟವಲ್ಲ. ಯಾವ ಪರೀಕ್ಷೆಗೆ ಅರ್ಜಿ ಹಾಕಬೇಕು, ಸಂದರ್ಶನದಲ್ಲಿ ಹೇಗೆ ಕುಳಿತುಕೊಳ್ಳಬೇಕು, ಯಾವ ಕಸುಬಿಗೆ ಮುಂದೆ ಬೆಲೆ ಬರುತ್ತದೆ ಎಂಬ ತಿಳಿವಳಿಕೆ ಅನುಕೂಲಸ್ಥರ ಮನೆಯಲ್ಲಿ ಊಟದ ಹೊತ್ತಿಗೆ ತಾನಾಗಿ ಹಂಚಿಹೋಗುತ್ತದೆ. ಬಡವರ ಮಗುವಿಗೆ ಅದನ್ನು ಹೇಳಲು ಯಾರಾದರೂ ಗೆಳೆಯರು ಬೇಕು.

ಈ ಅಳತೆಗೋಲಿನಿಂದ ನೋಡಿದರೆ ನಮ್ಮ ವಿದ್ಯಾರ್ಥಿನಿಲಯಗಳ ದೊಡ್ಡ ಕೊರತೆ ಎದ್ದು ಕಾಣುತ್ತದೆ. ಅವು ಹಳ್ಳಿಯವನನ್ನು ಪಟ್ಟಣಕ್ಕೆ ತಂದವು. ಆದರೆ ಬಹುಪಾಲು ನಿಲಯಗಳು ತಂತಮ್ಮ ಜಾತಿಯ ಗೋಡೆಯೊಳಗೇ ಉಳಿದವು. ಎಲ್ಲರಿಗೂ ಎಲೆ ಹಾಕಿದ ಸಿದ್ಧಗಂಗೆಯಂಥವು ಹೆಚ್ಚಿಲ್ಲ. ಜಾತಿಯ ಸಂಘ ತನ್ನವರನ್ನು ಮೇಲೆತ್ತುವುದು ತಪ್ಪಲ್ಲ, ಆದರೆ ಮೇಲೇರಿದವನಿಗೆ ಏಣಿಯ ಮೇಲ್ತುದಿಯಲ್ಲಿಯೂ ತನ್ನವರೇ ಕಾಣುತ್ತಿದ್ದರೆ, ಕೆಳಗೆ ನಿಂತ ಪರರ ಮಕ್ಕಳು ಅವನ ಕಣ್ಣಿಗೆ ಬೀಳುವುದಿಲ್ಲ.

ಇಂದು ಸಮಸ್ಯೆಯ ಆಕಾರವೂ ಬದಲಾಗಿದೆ. ಬೆಂಗಳೂರು ಎಂಬುದೀಗ ಒಂದು ಊರಲ್ಲ, ಒಂದು ಸೀಮೆ. ತುಮಕೂರು, ರಾಮನಗರ, ಬಂಗಾರಪೇಟೆಗಳಿಂದ ಬೆಳಗಿನ ರೈಲಿನಲ್ಲಿ ಸಾವಿರಾರು ಜನ ದುಡಿಯಲು ಬಂದು ರಾತ್ರಿ ಮರಳುತ್ತಾರೆ. ಸರ್ಕಾರ ಕೈಕಟ್ಟಿ ಕುಳಿತಿಲ್ಲ. ಹಾಸ್ಟೆಲಿನಲ್ಲಿ ಸ್ಥಳ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆ ವಿದ್ಯಾಸಿರಿ ಯೋಜನೆಯಲ್ಲಿ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು ನೆರವು ಗೊತ್ತುಮಾಡಿತು; ಆದರೆ ನಗರದಲ್ಲಿ ಆ ಹಣಕ್ಕೆ ಊಟ ಬಾಡಿಗೆಗಳೆರಡೂ ಒದಗುವುದು ಕಷ್ಟ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ರಾಜ್ಯದ ಸಾರಿಗೆ ಸಂಸ್ಥೆಗಳ ಸಾಧಾರಣ ಬಸ್ಸುಗಳಲ್ಲಿ ಹೆಂಗಸರ ಪ್ರಯಾಣ ಉಚಿತವಾಯಿತು; ಹಳ್ಳಿಯ ಹುಡುಗಿಗೆ ದೂರದ ಕಾಲೇಜು ಹತ್ತಿರವಾಯಿತು. ಬಸ್ಸು ಆಕೆಯನ್ನು ಕಾಲೇಜಿನ ಮುಂದೆ ಇಳಿಸುತ್ತದೆ. ಅಲ್ಲಿಂದ ಮುಂದಣ ದಾರಿಯನ್ನು ಸ್ಥಳೀಯರು ಕಟ್ಟಬೇಕು.

ಹೇಗೆ? ವಾರಾನ್ನದ ಸೂತ್ರವೇ ಸಾಕು: ಭಾರವನ್ನು ಪಾಲು ಮಾಡುವುದು. ಒಂದು ತಾಲ್ಲೂಕಿನ ಪಂಚಾಯತಿಗಳು, ಕಾಲೇಜು, ಹತ್ತಿರದ ಕೈಗಾರಿಕಾ ವಸಾಹತಿನ ಮಾಲೀಕರು, ಹಾಸ್ಟೆಲಿನ ಹಳೆಯ ವಿದ್ಯಾರ್ಥಿಗಳು ಒಂದೆಡೆ ಕುಳಿತುಕೊಳ್ಳಲಿ. ಓದು ಬಿಟ್ಟ ಮಕ್ಕಳ ಪಟ್ಟಿ ಪಂಚಾಯತಿಯ ಬಳಿ ಇರಬೇಕು. ಯಾವ ಕೆಲಸಕ್ಕೆ ಎಂಥ ಕುಶಲತೆ ಬೇಕೆಂಬುದನ್ನು ಕಾರ್ಖಾನೆ ಮುಂಗಡವಾಗಿ ತಿಳಿಸಬೇಕು. ಕಾಲೇಜು ಸಂಜೆಯ ತರಗತಿಗೆ ಕೋಣೆ ಕೊಡಬೇಕು. ನೌಕರಿಯಲ್ಲಿರುವ ಹಳೆಯ ವಿದ್ಯಾರ್ಥಿ ವಾರಕ್ಕೊಂದು ಸಂಜೆ, ತನ್ನ ಜಾತಿಯವನಲ್ಲದ ಒಬ್ಬ ಹುಡುಗನೊಡನೆ ಕುಳಿತು ಅರ್ಜಿ ಬರೆಯಿಸಬೇಕು. ಇದಾವುದಕ್ಕೂ ಕೋಟಿಗಟ್ಟಲೆ ಹಣ ಬೇಡ. ಆದರೆ ವರ್ಷಕ್ಕೊಮ್ಮೆ ಎಲ್ಲರೂ ಕೂಡಿ ಲೆಕ್ಕ ಒಪ್ಪಿಸಬೇಕು: ಎಷ್ಟು ಮಕ್ಕಳು ಸೇರಿದರು, ಎಷ್ಟು ಮಂದಿ ನಡುವೆ ಬಿಟ್ಟರು, ಏಕೆ ಬಿಟ್ಟರು? ಈ ಲೆಕ್ಕವಿಲ್ಲದ ಸಹಕಾರ ಸಭೆ ಸಮಾರಂಭಗಳಲ್ಲಿ ಮುಗಿದುಹೋಗುತ್ತದೆ.

ಇಂದು ನಮ್ಮ ಪಟ್ಟಣಗಳಲ್ಲಿ ಸುಖವಾಗಿರುವ ಅನೇಕ ಮನೆತನಗಳ ಎರಡು ತಲೆಮಾರಿನ ಹಿಂದೆ ಒಬ್ಬ ಹುಡುಗನಿದ್ದಾನೆ. ಪರರ ಮನೆಯ ಪಡಸಾಲೆಯಲ್ಲೋ ನಿಲಯದ ಪಂಕ್ತಿಯಲ್ಲೋ ಕುಳಿತು ಉಂಡವನು. ಅವನಿಗೆ ಅನ್ನ ಬಡಿಸಿದವರ ಹೆಸರುಗಳು ಯಾವ ಕಲ್ಲಿನ ಮೇಲೂ ಇಲ್ಲ. ಆ ಋಣವನ್ನು ಅವರಿಗೇ ತೀರಿಸುವ ಸಾಧ್ಯತೆಯಿಲ್ಲದಿರುವುದರಿಂದ, ಈಗ ರೈಲಿನಿಂದ ಇಳಿಯುತ್ತಿರುವವರಿಗೆ ತೀರಿಸಬೇಕಾಗಿದೆ.