ಕುಡುಗೋಲಿನ ಹಿಡಿ ಉದ್ದವಾದಾಗ

ಮೃತ್ಯುವನ್ನು ಅಸ್ಥಿಪಂಜರವಾಗಿ ತೋರಿಸುವ ಯುರೋಪಿನ ಹಳೆಯ ಚಿತ್ರಗಳನ್ನು ನಮ್ಮ ಓದುಗರಲ್ಲಿ ಹಲವರು ಕಂಡಿರಬಹುದು. ಅದರ ಕೈಯಲ್ಲಿರುವುದು ಯುದ್ಧದ ಆಯುಧವಲ್ಲ, ಹುಲ್ಲು ಕೊಯ್ಯುವ ರೈತನ ಸಲಕರಣೆ. ಇಂಗ್ಲಿಷಿನಲ್ಲಿ ಅದಕ್ಕೆ ಸೈತ್ ಎನ್ನುತ್ತಾರೆ. ನಮ್ಮ ಕುಡುಗೋಲಿನಿಂದ ಕೊಯ್ಯುವವರು ಬಗ್ಗಿ, ಎಡಗೈಯಲ್ಲಿ ಪೈರನ್ನು ಹಿಡಿದು ಕೊಯ್ಯುತ್ತಾರೆ. ಸೈತ್‌ಗಾದರೋ ಆಳೆತ್ತರದ ಮರದ ಕೋಲು, ತುದಿಯಲ್ಲಿ ಎರಡು ಮೂರು ಅಡಿ ಉದ್ದದ ಬಾಗಿದ ಅಲಗು. ನಿಂತವನು ಸೊಂಟದಿಂದ ಮೈ ತಿರುಗಿಸಿ ನೆಲಮಟ್ಟದಲ್ಲಿ ಬೀಸಿದರೆ ಹುಲ್ಲು ಎಡಕ್ಕೆ ಸಾಲಾಗಿ ಬೀಳುತ್ತದೆ. ಇಬ್ಬನಿ ಆರುವ ಮುನ್ನವೇ ಈ ಕೆಲಸಕ್ಕೆ ತೊಡಗುವುದು ವಾಡಿಕೆ. ಒದ್ದೆ ಹುಲ್ಲು ಅಲಗಿಗೆ ಸುಲಭವಾಗಿ ಸಿಗುತ್ತದೆ. ಸೊಂಟಕ್ಕೆ ಕಟ್ಟಿದ ನೀರಿನ ಕೊಂಬಿನಲ್ಲಿರುವ ಸಾಣೆಕಲ್ಲಿನಿಂದ ಆಗಾಗ ಮಸೆಯಬೇಕು. ಆಸ್ಟ್ರಿಯದ ಅಲಗನ್ನಂತೂ ಪುಟ್ಟ ಅಡಿಗಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಬಡಿದು ಅಂಚನ್ನು ತೆಳುಗೊಳಿಸುತ್ತಾರೆ.

ಸಲಕರಣೆ ತಟಸ್ಥವಾದುದು, ಬಳಸುವವನ ಸಂಕಲ್ಪವೇ ಅದರ ಒಳಿತು ಕೆಡುಕುಗಳನ್ನು ನಿರ್ಣಯಿಸುತ್ತದೆ ಎಂಬ ವಾದ ತತ್ತ್ವಶಾಸ್ತ್ರದಲ್ಲಿ ಹಳೆಯದು. ಸೈತ್‌ನ ಚರಿತ್ರೆಯನ್ನು ಬಲ್ಲವರು ಅದನ್ನು ಪೂರ್ಣವಾಗಿ ಒಪ್ಪಲಾರರು.

ಫ್ಲೆಮಿಶ್ ಕಲಾವಿದ ಪೀಟರ್ ಬ್ರೂಗಲ್ 1565ರಲ್ಲಿ ರಚಿಸಿದ ಸುಗ್ಗಿಯ ಚಿತ್ರದಲ್ಲಿ ಗಂಡಸರು ಗೋಧಿಯನ್ನೂ ಸೈತ್‌ನಿಂದಲೇ ಕೊಯ್ಯುತ್ತಿದ್ದಾರೆ. ಆದರೆ ಇಂಗ್ಲೆಂಡಿನಲ್ಲಿ ಅದು ಬಹುಕಾಲ ಮುಖ್ಯವಾಗಿ ಹುಲ್ಲಿಗೆ ಮೀಸಲಾಗಿತ್ತು. ಗೋಧಿಗೆ ಕುಡುಗೋಲೇ ಬೇಕಿತ್ತು, ಏಕೆಂದರೆ ಬೀಸಿನ ರಭಸಕ್ಕೆ ಮಾಗಿದ ಕಾಳು ಉದುರಿಹೋಗುತ್ತಿತ್ತು. ಕುಡುಗೋಲು ಹಿಡಿದವರಲ್ಲಿ ಹೆಂಗಸರೂ ಇದ್ದರು. ವರ್ಷದಲ್ಲೇ ಒಳ್ಳೆಯ ಕೂಲಿ ಅವರಿಗೆ ದೊರೆಯುತ್ತಿದ್ದುದು ಸುಗ್ಗಿಯಲ್ಲಿ. 18 ಮತ್ತು 19ನೆಯ ಶತಮಾನಗಳಲ್ಲಿ ಕೆಲಸ ಬೇಗ ಮುಗಿಯಬೇಕೆಂಬ ಕಾರಣಕ್ಕೆ ಗೋಧಿಯ ಹೊಲಕ್ಕೂ ಸೈತ್ ಇಳಿಯಿತು. ಅದು ಗಂಡಸರ ಸಲಕರಣೆಯಾಗಿಯೇ ಉಳಿಯಿತು. ಕೊಯ್ಯುತ್ತಿದ್ದ ಹೆಂಗಸರು ಹಿಂದೆ ನಡೆದು ಸಿವುಡು ಕಟ್ಟುವವರಾದರು, ಕೂಲಿಯೂ ಇಳಿಯಿತು. ಅವರ ಬಡತನವನ್ನು ಬಯಸಿ ಯಾರೂ ಸೈತ್ ಕೊಂಡಿರಲಾರರು.

ಕೂಲಿ ಹೋದರೂ ಹಕ್ಕಲು ಇತ್ತು. ಬಿದ್ದ ತೆನೆಗಳನ್ನು ಬಡವರಿಗೂ ಪರದೇಶಿಗಳಿಗೂ ಬಿಡಬೇಕೆಂದು ಯಾಜಕಕಾಂಡದ 19ನೆಯ ಅಧ್ಯಾಯ ವಿಧಿಸುತ್ತದೆ. ವಿಧವೆ ರೂತಳು ಅತ್ತೆಯನ್ನು ಸಾಕಿದ್ದು ಬೆತ್ಲೆಹೇಮಿನ ಹೊಲಗಳಲ್ಲಿ ಹಕ್ಕಲಾಯ್ದು. ಆದರೆ 1788ರಲ್ಲಿ ಸಫೊಕ್ ಪ್ರಾಂತದ ಒಬ್ಬ ಹೆಂಗಸಿನ ಮೇಲಿನ ಮೊಕದ್ದಮೆಯಲ್ಲಿ ಇಂಗ್ಲೆಂಡಿನ ನ್ಯಾಯಾಲಯವು ಹಕ್ಕಲಾಯುವುದು ಕಾನೂನಿನ ಹಕ್ಕಲ್ಲವೆಂದು ಬಹುಮತದಿಂದ ತೀರ್ಪಿತ್ತಿತು. ಭಿನ್ನಮತ ಬರೆದ ನ್ಯಾಯಾಧೀಶರು ಮೋಶೆಯ ಧರ್ಮಶಾಸ್ತ್ರವನ್ನೇ ಉಲ್ಲೇಖಿಸಿದರು. ತೀರ್ಪಿನ ನಂತರವೂ ಎಷ್ಟೋ ಹಳ್ಳಿಗಳಲ್ಲಿ ಪದ್ಧತಿ ನಿಲ್ಲಲಿಲ್ಲ. ಸುಗ್ಗಿ ಮುಗಿದ ಹೊಲಕ್ಕೆ ತಾಯಂದಿರೂ ಮಕ್ಕಳೂ ಒಟ್ಟಿಗೆ ಇಳಿಯಲೆಂದು ಬೆಳಿಗ್ಗೆ ಒಮ್ಮೆ, ಹಿಂತಿರುಗಲೆಂದು ಸಂಜೆ ಒಮ್ಮೆ ದೇವಾಲಯದ ಗಂಟೆ ಬಾರಿಸುತ್ತಿದ್ದರು.