ವೆಂಟಿಲೇಟರಿನ ಪ್ರಶ್ನೆ ಪೋಪರ ಮುಂದೆ ಬಂದಾಗ

ಪ್ರಜ್ಞೆ ಮರಳುವ ಆಸೆಯೇ ಇಲ್ಲದ ರೋಗಿಗೂ ಉಸಿರಾಟದ ಯಂತ್ರ ಹಾಕಲೇಬೇಕೆ? ಹಾಕಿದ ಮೇಲೆ, ರಕ್ತಸಂಚಾರ ನಿಲ್ಲುವ ಮೊದಲೇ ಅದನ್ನು ತೆಗೆಯಬಹುದೆ? ಯಂತ್ರದ ಬಲದಿಂದಷ್ಟೇ ಎದೆ ಏರಿಳಿಯುತ್ತಿರುವ ಮನುಷ್ಯ ಬದುಕಿದ್ದಾನೋ ಸತ್ತಿದ್ದಾನೋ? ಆಸ್ಟ್ರಿಯದ ಇನ್ಸ್‌ಬ್ರುಕ್ ವಿಶ್ವವಿದ್ಯಾಲಯದ ಅರಿವಳಿಕೆ ತಜ್ಞ ಡಾ. ಬ್ರೂನೋ ಹೈಡ್ ಈ ಪ್ರಶ್ನೆಗಳನ್ನು ಪೋಪ್ ಹನ್ನೆರಡನೆಯ ಪಯಸ್ ಅವರ ಮುಂದಿಟ್ಟರು. 1957ರ ಮಾತಿದು. ನಮ್ಮ ಆಸ್ಪತ್ರೆಗಳ ಐಸಿಯು ಬಾಗಿಲಲ್ಲಿ ನಿಂತ ಮಕ್ಕಳು ಇವತ್ತು ಕೇಳುವುದೂ ಇದನ್ನೇ.

ಆ ಪ್ರಶ್ನೆ ಹುಟ್ಟಿದ್ದು ಅದಕ್ಕೂ ಐದು ವರ್ಷ ಮೊದಲು, ಕೋಪನ್‌ಹೇಗನ್ನಿನಲ್ಲಿ. 1952ರಲ್ಲಿ ಅಲ್ಲಿ ಪೋಲಿಯೊ ವಿಪರೀತವಾಗಿ ಹಬ್ಬಿತು. ಉಸಿರಾಟದ ಸ್ನಾಯುಗಳೇ ಸೋತ ಮಕ್ಕಳು ದಿನವೂ ಬ್ಲೆಗ್ಡಾಮ್ ಆಸ್ಪತ್ರೆಗೆ ಬರುತ್ತಿದ್ದರು. ಯಂತ್ರಗಳು ಬೆರಳೆಣಿಕೆಯಷ್ಟೇ ಇದ್ದವು. ಡಾ. ಬ್ಯೋರ್ನ್ ಇಬ್ಸೆನ್ ಹೊಸ ದಾರಿ ಹಿಡಿದರು. ಗಂಟಲಲ್ಲಿ ರಂಧ್ರ ಮಾಡಿ ನಳಿಕೆ ಇಳಿಸುವುದು, ಅದಕ್ಕೆ ಜೋಡಿಸಿದ ರಬ್ಬರ್ ಚೀಲವನ್ನು ಕೈಯಿಂದ ಹಿಂಡಿ ಗಾಳಿ ಊದುವುದು. ಚೀಲ ಹಿಂಡಲು ಸಾವಿರಕ್ಕೂ ಹೆಚ್ಚು ವೈದ್ಯಕೀಯ ವಿದ್ಯಾರ್ಥಿಗಳು ಬಂದರು. ಹಗಲು ರಾತ್ರಿ ಪಾಳಿಯ ಮೇಲೆ ಹಾಸಿಗೆಯ ಪಕ್ಕ ಕೂತು, ಮಗುವಿನ ಮುಖ ನೋಡುತ್ತ ಹಿಂಡಿದರು. ಕೈ ನಿಂತರೆ ಉಸಿರೂ ನಿಂತಂತೆ. ಎಷ್ಟೋ ಮಕ್ಕಳು ಉಳಿದರು. ಇಂದಿನ ತೀವ್ರ ನಿಗಾ ಘಟಕಗಳು ಬೆಳೆದದ್ದು ಈ ಅನುಭವದಿಂದ. ಆದರೆ ಮಿದುಳು ಸಂಪೂರ್ಣ ಹಾಳಾದ ರೋಗಿಯ ಉಸಿರನ್ನೂ ಹೀಗೇ ನಡೆಸಬಹುದು ಎಂಬುದೂ ಬೇಗನೆ ತಿಳಿಯಿತು.

1957ರ ನವೆಂಬರ್ 24ರಂದು ಪೋಪ್ ಉತ್ತರ ಕೊಟ್ಟರು. ಜೀವ ದೇವರು ಕೊಟ್ಟದ್ದು, ಕಾಪಾಡಿಕೊಳ್ಳುವುದು ಕರ್ತವ್ಯ. ಆದರೆ ಆ ಕರ್ತವ್ಯ ಸಾಧಾರಣ ಚಿಕಿತ್ಸೆಗಷ್ಟೇ ಸೀಮಿತ. ರೋಗಿಗಾಗಲಿ ಮನೆಯವರಿಗಾಗಲಿ ಹೊರಲಾರದ ಹೊರೆಯಾಗುವ ಅಸಾಧಾರಣ ಚಿಕಿತ್ಸೆ ಕಡ್ಡಾಯವಲ್ಲ, ಯಂತ್ರ ತೆಗೆಯಬಹುದು. ರೋಗಿಯನ್ನು ಮೀರಿದ ಅಧಿಕಾರ ವೈದ್ಯರಿಗಿಲ್ಲ. ಸಾವಿನ ಗಳಿಗೆ ಯಾವುದೆಂದು ಹೇಳಬೇಕಾದವರು ವೈದ್ಯರು, ಚರ್ಚ್ ಅಲ್ಲ. ಈ ಕೊನೆಯ ಮಾತಿನ ವಿನಯ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ದಯಾಮರಣಕ್ಕೆ ಮಾತ್ರ ಒಪ್ಪಿಗೆ ಇರಲಿಲ್ಲ, ಇಂದಿಗೂ ಇಲ್ಲ.

ಈ ವಿಚಾರ ಪೋಪರಿಗೆ ಅಂದು ಹೊಳೆದದ್ದಲ್ಲ. ಹದಿನಾರನೆಯ ಶತಮಾನದಲ್ಲಿ ಸ್ಪೇನಿನ ಸಾಲಮಾಂಕದಲ್ಲಿ ಪಾಠ ಹೇಳುತ್ತಿದ್ದ ಡೊಮಿನಿಕನ್ ಸಂನ್ಯಾಸಿ ಫ್ರಾನ್ಸಿಸ್ಕೊ ದ ವಿಟೋರಿಯ ಆಗಲೇ ಹೇಳಿದ್ದರು: ತುತ್ತು ಇಳಿಸುವುದೇ ಹಿಂಸೆಯಾದ ರೋಗಿ ಊಟ ಬಿಟ್ಟರೆ ಪಾಪವಲ್ಲ, ಜೀವ ಉಳಿಸಿಕೊಳ್ಳಲೆಂದು ಪಿತ್ರಾರ್ಜಿತ ಆಸ್ತಿಯನ್ನೆಲ್ಲ ಔಷಧಿಗೆ ಸುರಿಯಬೇಕಿಲ್ಲ. ನಂತರದ ಪಂಡಿತರು ಕಾಲು ಕತ್ತರಿಸುವ ಉದಾಹರಣೆ ತೆಗೆದುಕೊಂಡರು. ಅರಿವಳಿಕೆ ಇಲ್ಲದ ಕಾಲದಲ್ಲಿ ಅಂಥ ನೋವನ್ನು ಯಾರ ಮೇಲೂ ಹೇರುವಂತಿರಲಿಲ್ಲ. 1846ರಲ್ಲಿ ಈಥರ್ ಬಂದಮೇಲೆ ಲೆಕ್ಕ ಬದಲಾಯಿತು. ಅಂದರೆ ಚಿಕಿತ್ಸೆಯ ಹೆಸರು ನೋಡಿ ತೀರ್ಮಾನಿಸುವ ಹಾಗಿಲ್ಲ, ಅದು ಈ ರೋಗಿಗೆ ಏನು ಮಾಡುತ್ತದೆ ಎಂದು ನೋಡಬೇಕು. "ಖರ್ಚಿನ ಯೋಚನೆ ಬೇಡ ಡಾಕ್ಟ್ರೇ, ಏನಾದ್ರೂ ಮಾಡಿ" ಎಂದು ಹೊಲ ಮಾರಿ ಬಿಲ್ ಕಟ್ಟುವ ನಮ್ಮ ಮನೆಗಳಿಗೆ ವಿಟೋರಿಯ ಅವರ ಮಾತು ಯಾರಾದರೂ ಮುಟ್ಟಿಸಬೇಕಿತ್ತು.

ಪೋಪರ ಮಾತು ನ್ಯಾಯಾಲಯದ ಮೆಟ್ಟಿಲೇರಿದ್ದು ಅಮೆರಿಕದ ನ್ಯೂಜೆರ್ಸಿಯಲ್ಲಿ. 1975ರಲ್ಲಿ 21ರ ಹುಡುಗಿ ಕ್ಯಾರೆನ್ ಆ್ಯನ್ ಕ್ವಿನ್ಲನ್ ಪ್ರಜ್ಞೆ ತಪ್ಪಿದವಳು ಮತ್ತೆ ಏಳಲಿಲ್ಲ. ಕ್ಯಾಥೊಲಿಕರಾದ ತಂದೆತಾಯಿ ಮೊದಲು ತಮ್ಮ ಪಾದ್ರಿಯನ್ನು ಕೇಳಿದರು. ಯಂತ್ರ ಮುಂದುವರಿಸಬೇಕಾದ ಧರ್ಮಬಂಧನ ಇಲ್ಲ ಎಂದರು ಅವರು. ವೈದ್ಯರು ಒಪ್ಪಲಿಲ್ಲ. 1976ರ ಮಾರ್ಚಿನಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ 1957ರ ಉತ್ತರವನ್ನೂ ಉಲ್ಲೇಖಿಸಿ ತಂದೆಯ ಪರ ತೀರ್ಪಿತ್ತಿತು. ಆಸ್ಪತ್ರೆಗಳಲ್ಲಿ ನೈತಿಕ ಸಮಿತಿಗಳು ಹರಡಲು ಆ ತೀರ್ಪೂ ಒಂದು ಕಾರಣ. ಯಂತ್ರ ತೆಗೆದರೂ ಕ್ಯಾರೆನ್ ತಾನಾಗಿಯೇ ಉಸಿರಾಡಿದಳು. 1985ರವರೆಗೆ ಬದುಕಿದಳು. ಆಹಾರದ ನಳಿಕೆ ತೆಗೆಯಿರೆಂದು ತಂದೆತಾಯಿ ಒಮ್ಮೆಯೂ ಕೇಳಲಿಲ್ಲ. ನಳಿಕೆಯ ಆಹಾರ ಚಿಕಿತ್ಸೆಯೋ ಬರೀ ಅನ್ನನೀರೋ ಎಂಬ ಚರ್ಚೆ ಕ್ರೈಸ್ತರ ನಡುವೆ ಇನ್ನೂ ಬಗೆಹರಿದಿಲ್ಲ.

ಭಾರತ ಬಂದ ದಾರಿ ಬೇರೆ, ಬದುಕುವ ಹಕ್ಕು ಕೊಡುವ ಸಂವಿಧಾನದ 21ನೆಯ ವಿಧಿಯದು. ಆ ದಾರಿಯಲ್ಲಿ ಮೊದಲು ನೆನಪಾಗುವವರು ಉತ್ತರ ಕನ್ನಡದ ಹಳದೀಪುರದ ನರ್ಸ್ ಅರುಣಾ ಶಾನಭಾಗ. 1973ರಲ್ಲಿ ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ನಡೆದ ಕ್ರೂರ ದಾಳಿಯ ನಂತರ ಅವರು ಮೊದಲಿನಂತಾಗಲೇ ಇಲ್ಲ. ಅಲ್ಲಿನ ನರ್ಸುಗಳು 2015ರವರೆಗೂ ಅವರನ್ನು ಸಾಕಿದರು, ಜೀವ ಬಿಡಿಸುವ ಅರ್ಜಿಯನ್ನು ವಿರೋಧಿಸಿದರು. 2011ರಲ್ಲಿ ಸುಪ್ರೀಂ ಕೋರ್ಟ್ ಅರ್ಜಿ ತಳ್ಳಿಹಾಕಿದರೂ ಷರತ್ತಿನ ಮೇಲೆ ಜೀವರಕ್ಷಕ ಚಿಕಿತ್ಸೆ ಹಿಂತೆಗೆಯಲು ದಾರಿ ತೆರೆಯಿತು. 2018ರಲ್ಲಿ ಸಂವಿಧಾನ ಪೀಠ ಮುಂಗಡ ಇಚ್ಛಾಪತ್ರವನ್ನು, ಅಂದರೆ ಮುಂದೆ ಎಂಥ ಚಿಕಿತ್ಸೆ ಬೇಡವೆಂದು ಮೊದಲೇ ಬರೆದಿಡುವ ಪತ್ರವನ್ನು, ಮಾನ್ಯ ಮಾಡಿತು. 2023ರಲ್ಲಿ ನಿಯಮಗಳು ಸಡಿಲಗೊಂಡವು, 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರ ಜಾರಿಗೆ ಆದೇಶ ಹೊರಡಿಸಿತು. ಇಚ್ಛಾಪತ್ರಕ್ಕೆ ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಸಹಿ ಇದ್ದರಾಯಿತು. ಮಾತು ನಿಂತಾಗ ತನ್ನ ಪರವಾಗಿ ಹೇಳಬೇಕಾದವರು ಯಾರೆಂದೂ ಅದರಲ್ಲಿ ಬರೆದಿಡಬೇಕು. ಮನಸ್ಸು ಬದಲಾದರೆ ಯಾವಾಗ ಬೇಕಾದರೂ ಲಿಖಿತವಾಗಿ ಹಿಂಪಡೆಯಬಹುದು.